ಹಗೇವಿನ ಬಾಯಿ ತೆರೆಯುವುದು ಮನೆಯಲ್ಲಿ ಯಾರಿಗೆ ಗೊತ್ತುಂಟು?

ಮದ್ರಸದ ಕೆಲಸಕ್ಕೆಂದು ಸಿಂದಗಿಗೆ ಬಂದ ಹೊಸದರಲ್ಲಿ ಇಲ್ಲಿನ ನೆಲವೇ ನನಗೆ ಹೊಸತು. ನಮ್ಮ ಕರಾವಳಿಯ ಹಾಗೆ ತೆಂಗು, ಕಂಗು ಇಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಭೂಮಿ, ಬಿಳಿಜೋಳ, ತೊಗರಿ. ಮಳೆಯನ್ನು ನಂಬುವ ಹಾಗಿಲ್ಲ. 1876–78ರ ಬರ ಈ ಸೀಮೆಯನ್ನು ಬಹಳ ಕಾಡಿದ್ದು. ಹಾಗಾಗಿ ಹಿಂದಿನವರು ನೆಲದಲ್ಲಿ ಆಳದ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದಕ್ಕೆ ಹಗೇವು ಅಂತ ಹೆಸರು.

ಇಲ್ಲಿನ ಹಿರಿಯ ರೈತರೊಬ್ಬರು ಒಮ್ಮೆ ನನಗೆ ಹೇಳಿದರು: “ಹಗೇವು ತೆಗದ ಕೂಡ್ಲೆ ಇಳಿಬಾರ್ದ್ರಿ ಮೌಲಾನಾರ. ಒಳಗ ಗಾಳಿ ಕೆಟ್ಟಿರ್ತದ.” ಬಾಯಿ ತೆರೆದು ಗಾಳಿಯಾಡಲು ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಕೂಡದು. ಇದು ಗೊತ್ತಿಲ್ಲದವನು ಹಸಿವಿನ ಅವಸರದಲ್ಲಿ ಇಳಿದರೆ ಜೋಳದ ಮೇಲೆಯೇ ಅವನ ಮರಣ.

ಕೂಡಿಟ್ಟರೆ ಸಾಲದು, ತೆರೆಯುವ ಅರಿವೂ ಬೇಕು. ಪ್ರವಾದಿ ಯೂಸುಫ್(ಅ)ರ ಚರಿತ್ರೆಯಲ್ಲಿಯೂ ಇದೇ ಪಾಠ. ಏಳು ವರ್ಷದ ಬೆಳೆಯನ್ನು ತೆನೆಯಲ್ಲೇ ಬಿಟ್ಟು, ಮುಂದಿನ ಏಳು ವರ್ಷದ ಬರಕ್ಕೆ ಉಳಿಸಲು ಅವರು ಹೇಳಿದರು. ರಾಜನ ಉಗ್ರಾಣದ ಹೊಣೆ ಕೇಳುವಾಗ ತನ್ನ ಎರಡು ಗುಣ ಮುಂದಿಟ್ಟರು: ಕಾಯುವ ಗುಣ ಮತ್ತು ಅರಿವು.

ಈಗ ನಮ್ಮ ಬ್ಯಾರಿ ಮನೆಗಳನ್ನು ನೋಡೋಣ. ಗಂಡಸರು ಗಲ್ಫಿನಲ್ಲೋ ವ್ಯಾಪಾರದಲ್ಲೋ ದುಡಿಯುತ್ತಾರೆ, ಉಳಿಸುತ್ತಾರೆ. ಆದರೆ ಎಲ್ಲಿ ಏನುಂಟು ಎಂಬುದು ಅವರೊಬ್ಬರ ತಲೆಯಲ್ಲಿ ಮಾತ್ರ. 2010ರ ಮೇ 22ರ ಬೆಳಗ್ಗೆಯನ್ನು ನಾವು ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ದುರಂತಕ್ಕೀಡಾಗಿ 158 ಮಂದಿ ಮರಣ ಹೊಂದಿದರು. ಇಳಿದ ಕೂಡಲೇ ಮನೆ ಸೇರುತ್ತೇವೆ ಎಂದುಕೊಂಡೇ ಅವರೆಲ್ಲ ಹೊರಟದ್ದು.

ನಾನು ಬಲ್ಲ ಒಂದು ಮನೆಯಲ್ಲಿ ಯಜಮಾನರು ಹಠಾತ್ ತೀರಿಕೊಂಡರು. ಇದ್ದತ್ ಮುಗಿಯುವ ಮೊದಲೇ ಒಬ್ಬರು ಬಂದು “ನನಗೆ ಹಣ ಬರಲಿಕ್ಕುಂಟು” ಎಂದರು. ಆ ಉಮ್ಮನಿಗೆ ಹೌದೆನ್ನಲೂ ಗೊತ್ತಿಲ್ಲ, ಅಲ್ಲವೆನ್ನಲೂ ಗೊತ್ತಿಲ್ಲ. ಕೊಡದಿದ್ದರೆ ಮಯ್ಯಿತ್‌ನ ಮೇಲೆ ಸಾಲದ ಭಾರ ಉಳಿದೀತು. ಕೊಟ್ಟರೆ ಯತೀಮ್ ಮಕ್ಕಳ ಹಕ್ಕು ಹೋದೀತು. ಒಂದು ಸಾಲು ಬರೆದಿಟ್ಟಿದ್ದರೆ ಈ ಸಂಕಟ ಇರುತ್ತಿರಲಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಂದರೆ ಅಲ್ ಬಕರದ 282ನೆಯದು, ಸಾಲವನ್ನು ಬರೆದಿಡುವ ಕುರಿತೇ ಇರುವುದು.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಕೊಡಲಿಕ್ಕಿರುವ ಸಾಲ, ಬರಲಿಕ್ಕಿರುವ ಹಣ, ಕೈಯಲ್ಲಿರುವ ಅಮಾನತ್ ಬರೆಯಿರಿ. ಬ್ಯಾಂಕ್ ಖಾತೆ ಎಲ್ಲಿ, ವಿಮೆಯ ಕಾಗದ, ಜಾಗದ ಕ್ರಯಪತ್ರ ಎಲ್ಲಿ ಎಂದು ಬರೆಯಿರಿ. ದಿನಾ ತಿನ್ನುವ ಮದ್ದಿನ ಹೆಸರು, ರಕ್ತದ ಗುಂಪೂ ಇರಲಿ. ಎಟಿಎಂ ಪಿನ್ ಮಾತ್ರ ಬೇಡ.

ನಾಮಿನಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಬ್ಯಾಂಕ್ ನಾಮಿನಿಯ ಕೈಗೆ ಹಣ ಕೊಡುತ್ತದೆ, ಅಷ್ಟೇ. ಹಣ ವಾರಸುದಾರರದ್ದು. ಶರೀಅತ್ ಪ್ರಕಾರ ಮೊದಲು ಮಯ್ಯಿತ್‌ನ ಖರ್ಚು, ನಂತರ ಸಾಲ, ನಂತರ ಮೂರನೇ ಒಂದಂಶ ಮೀರದ ವಸಿಯ್ಯತ್. ಉಳಿದದ್ದು ಪಾಲು.

“ಮೌತಿನ ಮಾತು ಈಗಲೇ ಯಾಕೆ ಉಸ್ತಾದ್?” ಎಂದು ಕೇಳುವವರಿದ್ದಾರೆ. ವಸಿಯ್ಯತ್ ಮಾಡಲಿಕ್ಕಿರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಒಂಟೆಯನ್ನು ಕಟ್ಟಿಯೇ ತವಕ್ಕುಲ್ ಇಡಲು ಹೇಳಿದವರೂ ಅವರೇ.

ಬರೆದರೆ ಮುಗಿಯಲಿಲ್ಲ. ಬೀವಿಯನ್ನು ಒಮ್ಮೆ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಚಲನ್ ಅವರ ಕೈಯಿಂದಲೇ ಬರೆಸಿ. ಪ್ರಾಯಕ್ಕೆ ಬಂದ ಮಗಳಿಗೂ ಮಗನಿಗೂ ಪುಸ್ತಕ ಇರುವ ಜಾಗ ತೋರಿಸಿ. ಇವತ್ತು ಇಶಾ ಕಳೆದ ಮೇಲೆ ಮೊಬೈಲ್ ಬದಿಗಿಟ್ಟು ಅರ್ಧ ಗಂಟೆ ಕೂತರೆ ಸಾಕು.

ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.