ಓದಿನ ವೇಗ

ಮುದ್ರಣಯಂತ್ರವು ಬಳಕೆಗೆ ಬಂದಂದಿನಿಂದ ಓದತಕ್ಕ ಸಾಮಗ್ರಿಯು ಬೆಳೆಯುತ್ತಲೇ ಇದೆ. ಓದುವವನ ಪಾಲಿನ ಹೊತ್ತು ಮಾತ್ರ ಬೆಳೆದಿಲ್ಲ. ಪಠ್ಯಪುಸ್ತಕ, ವೃತ್ತಪತ್ರಿಕೆಗಳ ಜೊತೆಗೆ ಈಗ ಮೊಬೈಲ್ ಫೋನಿನ ಬರಹವೂ ಸೇರಿಕೊಂಡಿದೆ. ಆದುದರಿಂದ ಅಲ್ಪಕಾಲದಲ್ಲಿ ಬಹಳವನ್ನು ಓದಿ ಮುಗಿಸುವ ಉಪಾಯವಿದೆಯೆಂದು ಯಾರಾದರೂ ಸಾರಿದರೆ, ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಯ ಕಿವಿ ನಿಮಿರುವುದು ಸಹಜ. ಅಂಥ ಉಪಾಯವು ನಿಜವಾಗಿಯೂ ಇದೆಯೆ? ಇದ್ದರೆ ಅದಕ್ಕೆ ತೆರಬೇಕಾದ ಬೆಲೆಯೇನು?

ವೇಗದ ಓದನ್ನು ಒಂದು ವಿದ್ಯೆಯೆಂದು ಪ್ರಚುರಪಡಿಸಿದವರಲ್ಲಿ ಅಮೆರಿಕದ ಯೂಟಾ ರಾಜ್ಯದ ಅಧ್ಯಾಪಕಿ ಈವ್ಲಿನ್ ವುಡ್ ಪ್ರಸಿದ್ಧರು. 1959ರಲ್ಲಿ ಅವರು ‘ರೀಡಿಂಗ್ ಡೈನಮಿಕ್ಸ್’ ಎಂಬ ಶಿಕ್ಷಣಕ್ರಮವನ್ನು ಆರಂಭಿಸಿದರು. ಪುಟದ ಮೇಲೆ ಕೈಯನ್ನು ಸರಸರನೆ ಸರಿಸುತ್ತ ಪದಗಳ ಗುಂಪನ್ನೇ ಒಟ್ಟಾಗಿ ನೋಡಬೇಕು, ಮನಸ್ಸಿನೊಳಗೆ ಉಚ್ಚರಿಸಿಕೊಳ್ಳಬಾರದು, ಓದಿದ ಸಾಲಿಗೆ ಹಿಂದಿರುಗಬಾರದು ಎಂಬುದು ಇಂತಹ ಬೋಧನೆಯ ಸಾರ. ಹೀಗೆ ಅಭ್ಯಾಸ ಮಾಡಿದರೆ ನಿಮಿಷಕ್ಕೆ ಸಾವಿರಾರು ಪದಗಳನ್ನು ಓದಬಹುದೆಂಬ ಭರವಸೆಯನ್ನು ನಂಬಿ ಅನೇಕರು ಇಂಥ ತರಗತಿಗಳಿಗೆ ಸೇರಿದರು.

ಈ ಭರವಸೆಯನ್ನು ಒರೆಗೆ ಹಚ್ಚಬೇಕಾದರೆ ಕಣ್ಣು ಹೇಗೆ ಓದುತ್ತದೆಂಬುದನ್ನು ಅರಿಯಬೇಕು. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಕುಪ್ಪಳಿಸುತ್ತ, ನಡುನಡುವೆ ನಿಲ್ಲುತ್ತ ಸಾಗುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ 1879ರ ಸುಮಾರಿನಲ್ಲಿಯೇ ಇದರತ್ತ ಗಮನ ಸೆಳೆದಿದ್ದನು. ಒಂದೊಂದು ನಿಲುಗಡೆಗೆ ಹೆಚ್ಚುಕಡಿಮೆ ಕಾಲು ಸೆಕೆಂಡು ಹಿಡಿಯುತ್ತದೆ. ಅಕ್ಷರದ ರೂಪವು ಸ್ಪಷ್ಟವಾಗಿ ಕಾಣುವುದು ನಿಂತಾಗ ಮಾತ್ರ; ಅದೂ ನೋಟದ ನಡುವಿನ ಕಿರಿದಾದ ಭಾಗದಲ್ಲಿ. ಅಂಚಿನಲ್ಲಿರುವುದು ಮಸುಕಾಗಿಯೇ ಉಳಿಯುತ್ತದೆ. ಆದುದರಿಂದ ಇಡೀ ಸಾಲನ್ನೋ ಪುಟವನ್ನೋ ಒಂದೇ ನೋಟದಲ್ಲಿ ಓದುವುದು ಕಣ್ಣಿನ ರಚನೆಗೇ ಮೀರಿದ ಕೆಲಸ. ಕಣ್ಣು ಆಗಾಗ ಹಿಂದಕ್ಕೂ ಹೋಗುತ್ತದೆ. ಅರ್ಥ ಕೂಡಿಬರದ ಕಡೆ ಮನಸ್ಸು ತನ್ನನ್ನು ತಿದ್ದಿಕೊಳ್ಳುವ ಬಗೆಯದು. ಅದನ್ನು ತಡೆದರೆ ತಿಳಿವಳಿಕೆಗೇ ಕುಂದುಂಟಾಗುತ್ತದೆ.

ಮನಸ್ಸಿನೊಳಗಿನ ಉಚ್ಚಾರಣೆಯ ವಿಷಯವೂ ಹೀಗೆಯೇ. ಗಮಕಿಯು ಕುಮಾರವ್ಯಾಸನ ಭಾರತವನ್ನು ವಾಚಿಸುವಾಗ ಸಂಧಿಯಲ್ಲಿ ಬೆಸೆದ ಪದಗಳನ್ನು ಬಿಡಿಸಿ, ಬೇಕಾದೆಡೆಯಲ್ಲಿ ನಿಲ್ಲಿಸಿ, ಅಗತ್ಯಬಿದ್ದರೆ ಮತ್ತೊಮ್ಮೆ ಹೇಳುತ್ತಾನೆ. ಕೇಳುವವನಿಗೆ ಅರ್ಧ ಅರ್ಥವು ಆ ಧ್ವನಿಯಿಂದಲೇ ದೊರೆಯುತ್ತದೆ. ಮೌನವಾಗಿ ಓದುವವನಿಗೂ ಒಳಗಿನ ಧ್ವನಿಯು ಇದೇ ಉಪಕಾರವನ್ನು ಮಾಡುತ್ತದೆ.

ಮಾರ್ಸೆಲ್ ಜಸ್ಟ್ ಮತ್ತು ಪೆಟ್ರೀಷಿಯಾ ಕಾರ್ಪೆಂಟರ್ ಎಂಬ ಮನೋವಿಜ್ಞಾನಿಗಳು 1980ರ ದಶಕದಲ್ಲಿ ವೇಗದ ಓದಿನ ತರಬೇತಿ ಪಡೆದವರನ್ನೂ ಸಾಮಾನ್ಯ ಓದುಗರನ್ನೂ ಹೋಲಿಸಿ ನೋಡಿದರು. ಸುಲಭವಾದ ಬರಹದ ಸಾರಾಂಶವನ್ನು ಹೇಳುವುದರಲ್ಲಿ ವೇಗದವರು ಹೆಚ್ಚು ಹಿಂದುಳಿಯಲಿಲ್ಲ; ವಿವರಗಳನ್ನು ಕೇಳಿದಾಗ ಸೋತರು. 2016ರಲ್ಲಿ ಕೀತ್ ರೇನರ್ ಮತ್ತು ಸಂಗಡಿಗರ ವಿಮರ್ಶಾತ್ಮಕ ಲೇಖನವೊಂದು ಪ್ರಕಟವಾಯಿತು. ಅಲ್ಲಿಯವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿದ ಆ ಲೇಖನವೂ, ವೇಗವು ಬಹಳ ಹೆಚ್ಚಿದರೆ ಗ್ರಹಿಕೆಯು ಕಡಿಮೆಯಾಗುತ್ತದೆಂದೇ ನಿರ್ಣಯಿಸಿತು.

ಕನ್ನಡದ ಓದುಗನಿಗೆ ಇದರಲ್ಲಿ ವಿಶೇಷವಾದ ಪಾಠವಿದೆ. ಇಂಗ್ಲಿಷಿನ ಕಥೇತರ ಬರಹವನ್ನು ಮೌನವಾಗಿ ಓದುವ ವಯಸ್ಕರ ಸರಾಸರಿ ವೇಗವು ನಿಮಿಷಕ್ಕೆ 238 ಪದಗಳೆಂದು 2019ರ ಲೆಕ್ಕಾಚಾರವೊಂದು ಹೇಳುತ್ತದೆ. ಈ ಅಳತೆಗೋಲು ಕನ್ನಡಕ್ಕೆ ಹೊಂದುವುದಿಲ್ಲ. ‘ಹೋಗಬೇಕಾಗಿರಲಿಲ್ಲ’ ಎಂಬುದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ನಾಲ್ಕೈದು ಪದಗಳು ಬೇಕು. ಕನ್ನಡದಲ್ಲಿ ಅರ್ಥವು ಪದದ ಕೊನೆಯಲ್ಲಿಯೂ ಗುಣಿತದ ಕೊಂಬುಕುಣಿಕೆಗಳಲ್ಲಿಯೂ ಅಡಗಿರುತ್ತದೆ. ಒತ್ತಕ್ಷರವೊಂದನ್ನು ಬಿಟ್ಟರೆ ‘ಹಳ್ಳಿ’ಯು ‘ಹಳಿ’ಯಾಗುತ್ತದೆ. ಗುಡಿಸೊಂದನ್ನು ಕಾಣದಿದ್ದರೆ ‘ಓದಿದ’ ಹುಡುಗನು ‘ಓದದ’ ಹುಡುಗನಾಗುತ್ತಾನೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಲಿಪಿಯ ಅಕ್ಷರಗಳೆಲ್ಲವೂ ಕೈವಶವಾಗಲು ಹಲವು ವರ್ಷಗಳೇ ಹಿಡಿಯುತ್ತವೆ.

ಹಾಗಾದರೆ ಕೆಲವರು ಉಳಿದವರಿಗಿಂತ ಬೇಗನೆ ಓದಿ, ಚೆನ್ನಾಗಿ ಅರ್ಥಮಾಡಿಕೊಳ್ಳುವುದು ಹೇಗೆ? ಬೆಂಗಳೂರಿನ ಉತ್ತರದಲ್ಲಿ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಬ್ಯಾಟರಾಯನಪುರವಿದೆ. ಈ ಏಳಕ್ಷರದ ಹೆಸರನ್ನು ಫಲಕದ ಮೇಲೆ ಕಂಡೊಡನೆ ಅಲ್ಲಿಯ ಬಾಲಕನು ಒಂದೇ ನೋಟಕ್ಕೆ ಓದಿಬಿಡುತ್ತಾನೆ. ದೂರದೂರಿನಿಂದ ಬಂದವನು ಬಿಡಿಬಿಡಿಯಾಗಿ ಕೂಡಿಸಿಕೊಂಡು ಓದುತ್ತಾನೆ. ಇಬ್ಬರ ಕಣ್ಣುಗಳೂ ಸಮಾನವೇ, ಪರಿಚಯದಲ್ಲಿ ಅಂತರವಿದೆ. ಆಡುಮಾತಿನಲ್ಲಿ ‘ಬೇಟೆ’ಯು ‘ಬ್ಯಾಟೆ’ಯಾಗುವುದೆಂದು ಬಲ್ಲ ಹೊಸಬನು ಬ್ಯಾಟ, ರಾಯ, ಪುರ ಎಂದು ಬಿಡಿಸಿಕೊಂಡು ಬೇಗ ಮುಂದೆ ಸಾಗುತ್ತಾನೆ. ಶಬ್ದಸಂಪತ್ತು ಮತ್ತು ವಿಷಯದ ತಿಳಿವಳಿಕೆ ಬೆಳೆದಂತೆ ಓದಿನ ವೇಗವೂ ತಾನಾಗಿ ಬೆಳೆಯುತ್ತದೆ. ಇವೆರಡನ್ನೂ ಗಳಿಸಿಕೊಡುವುದು ಬಹುಕಾಲದ ಓದೇ.

ಎಲ್ಲವನ್ನೂ ಒಂದೇ ನಿಧಾನದಲ್ಲಿ ಓದಬೇಕೆಂದು ಇದರ ಅರ್ಥವಲ್ಲ. ವೃತ್ತಪತ್ರಿಕೆಯಲ್ಲಿ ಬೇಕಾದ ಸುದ್ದಿಯನ್ನು ಹುಡುಕುವಾಗ, ಗ್ರಂಥಾಲಯದಲ್ಲಿ ಪುಸ್ತಕವನ್ನು ಆರಿಸುವಾಗ, ಮೊದಲೇ ಕಲಿತ ಪಾಠವನ್ನು ನೆನಪಿಗೆ ತಂದುಕೊಳ್ಳುವಾಗ ಮೇಲೆಮೇಲೆ ಕಣ್ಣಾಡಿಸುವುದು ಯುಕ್ತವೇ. ಗಣಿತದ ಪ್ರಮೇಯ, ವಿಜ್ಞಾನದ ನಿಯಮ, ಹಳಗನ್ನಡದ ಪದ್ಯ, ಸಹಿ ಮಾಡಬೇಕಾದ ಕರಾರುಪತ್ರ ಇವುಗಳನ್ನು ಹಾಗೆ ಓದುವುದು ಅಪಾಯ. ಯಾವುದನ್ನು ಯಾವ ವೇಗದಲ್ಲಿ ಓದಬೇಕೆಂಬ ವಿವೇಚನೆಯನ್ನೇ ಓದುಗನು ಮೊದಲು ಕಲಿಯಬೇಕು.

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಓದಿಕೊಳ್ಳುವುದಕ್ಕೆಂದೇ 15 ನಿಮಿಷಗಳನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ‘ಗುಂಪಿಗೆ ಸೇರದ ಪದವನ್ನು ಬರೆಯಿರಿ’ ಎಂಬುದನ್ನು ಆತುರದಲ್ಲಿ ‘ಸೇರಿದ’ ಎಂದು ಓದಿಕೊಂಡವನಿಗೆ, ವರ್ಷವಿಡೀ ಕಲಿತದ್ದೂ ಆ ಒಂದು ಪ್ರಶ್ನೆಯಲ್ಲಿ ನೆರವಿಗೆ ಬಾರದು.