ಸೋಲಿನ ಅಳತೆ

ಈ ವರ್ಷ ನಮ್ಮ ಕಾಲೇಜಿನ ಕಾಲ್ಚೆಂಡಿನ ತಂಡ ಆಡಿದ ಏಳು ಪಂದ್ಯಗಳಲ್ಲಿ ಆರನ್ನು ಸೋತಿತು. ಉಳಿದ ಒಂದು ಸಮನಾಯಿತು. ಕ್ರೀಡಾ ವರದಿಯಲ್ಲಿ ಇಷ್ಟನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. ಆದರೆ ಮುಂದಿನ ವರ್ಷ ತಂಡವನ್ನೇ ಕಳುಹಿಸುವುದು ಬೇಡವೆಂಬ ಮಾತು ಕೆಲವು ಮಿತ್ರರಲ್ಲಿ ಹುಟ್ಟಿರುವುದರಿಂದ, ಏಳೂ ಪಂದ್ಯಗಳಲ್ಲಿ ಗೋಲ್‌ಕೀಪರ್ ಆಗಿ ನಿಂತಿದ್ದ ನಾನು ನಾಲ್ಕು ಮಾತು ಬರೆಯಬೇಕಾಗಿದೆ. ಬಲೆಯೊಳಗಿನ ಚೆಂಡನ್ನು ಮತ್ತೆ ಮತ್ತೆ ಎತ್ತಿ ತರುವವನಿಗೆ ಯೋಚಿಸಲು ಬೇಕಾದಷ್ಟು ಬಿಡುವಿರುತ್ತದೆ.

ನಮ್ಮ ಹುಡುಗರಿಗೆ ದಮ್ಮಿಲ್ಲವೆಂಬುದು ಎಲ್ಲರ ಆಕ್ಷೇಪಣೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ನಮಗೆ ಬಿದ್ದ ಗೋಲುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಎದುರಾಳಿಗಳು ಚೆಂಡನ್ನು ಒಂದು ಅಂಚಿನಲ್ಲಿ ಸ್ವಲ್ಪ ಹೊತ್ತು ಆಡಿಸುತ್ತಾರೆ. ನಮ್ಮವರು ಏಳೆಂಟು ಮಂದಿ ಅದನ್ನು ಮುತ್ತಿಕೊಳ್ಳುತ್ತಾರೆ. ಆಗ ಚೆಂಡು ಇನ್ನೊಂದು ಅಂಚಿಗೆ ಹಾರುತ್ತದೆ. ಅಲ್ಲಿ ಅವರ ಹುಡುಗನೊಬ್ಬ ಒಂಟಿಯಾಗಿ, ತನ್ನ ಮನೆಯಂಗಳದಲ್ಲಿ ನಿಂತಂತೆ ನಿಂತಿರುತ್ತಾನೆ.

ಈ ಮುತ್ತುವ ಅಭ್ಯಾಸ ಬಂದದ್ದೆಲ್ಲಿಂದ? ನಾವು ಸಂಜೆ ಆಡುವುದು ವೈಯಾಲಿಕಾವಲಿನಲ್ಲಿ, ಮನೆಗಳ ನಡುವಿನ ಒಂದು ಬಯಲಿನಲ್ಲಿ. ಒಂದು ದಿನ ಹೆಜ್ಜೆ ಹಾಕಿ ಅಳೆದೆ: ಉದ್ದ ೭೦ ಹೆಜ್ಜೆ, ಅಗಲ ೪೦. ಪಂದ್ಯ ನಡೆದ ಮೈದಾನವನ್ನೂ ಹಾಗೆಯೇ ಅಳೆದರೆ ೧೪೦, ೯೦! ನೆಲ ನಾಲ್ಕು ಪಟ್ಟಿಗಿಂತ ಹೆಚ್ಚು. ಆಟಗಾರರು ಮಾತ್ರ ಅದೇ ಹನ್ನೊಂದು ಮಂದಿ. ಸಣ್ಣ ಬಯಲಿನಲ್ಲಿ ಎಲ್ಲರೂ ಚೆಂಡಿನತ್ತ ಓಡುವುದು ತಪ್ಪೇನಲ್ಲ, ಅದೇ ಸರಿಯಾದ ಆಟ. ದೊಡ್ಡ ಮೈದಾನದಲ್ಲಿ ಅದೇ ಓಟ ಅರ್ಧ ಮೈದಾನವನ್ನು ಬರಿದು ಮಾಡುತ್ತದೆ, ದಮ್ಮನ್ನೂ ತಿನ್ನುತ್ತದೆ.

ನನ್ನ ತಪ್ಪನ್ನೂ ಮುಚ್ಚಿಡಲಾರೆ. ಬಯಲಿನಲ್ಲಿ ನಮ್ಮ ಗೋಲೆಂದರೆ ಎರಡು ಕಲ್ಲುಗಳು. ತಲೆಯ ಮೇಲೆ ಬಂದ ಚೆಂಡನ್ನೆಲ್ಲ "ಮೇಲೆ ಹೋಯಿತು" ಎಂದು ವಾದಿಸಿಯೇ ತಡೆಯುತ್ತಿದ್ದೆ. ನಿಜವಾದ ಗೋಲು ೨೪ ಅಡಿ ಅಗಲ, ೮ ಅಡಿ ಎತ್ತರ. ಅಡ್ಡಪಟ್ಟಿ ವಾದವನ್ನು ಕೇಳುವುದಿಲ್ಲ.

ಆಡುವ ನೆಲ ಬದಲಾದಾಗ ಕಲಿತ ಆಟ ಕೈಕೊಡುವುದು ನಮ್ಮೊಬ್ಬರ ಕಥೆಯಲ್ಲ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತ ತಂಡ ಫ್ರಾನ್ಸಿಗೆ ಕೇವಲ ೧–೨ರಿಂದ ಸೋತಿತು. ಗೋಲು ಹೊಡೆದವರು ನಮ್ಮ ಬೆಂಗಳೂರಿನ ಎಸ್. ರಾಮನ್. ನಮ್ಮ ಗಟ್ಟಿ ನೆಲದ ಬರಿಗಾಲ ಚಳಕವೇ ಸಾಕೆಂಬ ಧೈರ್ಯ ಆಗ ಬಂದಿರಬೇಕು. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಎದುರು ೧–೧೦ರ ಸೋಲಾಯಿತು. ಆ ಒಂದು ಗೋಲೂ ಬೆಂಗಳೂರಿನ ಅಹಮದ್ ಖಾನರದೇ. ಆಮೇಲೆ ಬೂಟು ಕಡ್ಡಾಯವಾಯಿತು. ೧೯೫೬ರ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿತು. ಬೂಟೊಂದರಿಂದಲೇ ಇದಾಯಿತೆಂದು ನಾನು ಹೇಳುವುದಿಲ್ಲ. ಆದರೆ ಹತ್ತು ಗೋಲು ತಿಂದವರನ್ನು ಮತ್ತೆ ಕಳುಹಿಸುವುದು ಬೇಡವೆಂದು ಯಾರಾದರೂ ತೀರ್ಮಾನಿಸಿದ್ದರೆ ಮೆಲ್ಬರ್ನಿಗೆ ಹೋಗುವವರಾರು?

ಈಗ ಭಾನುವಾರ ಬೆಳಗಿನ ಜಾವ ನಾವು ಪೂರ್ಣ ಅಳತೆಯ ಮೈದಾನವೊಂದಕ್ಕೆ ಹೋಗುತ್ತಿದ್ದೇವೆ. ಮೊದಲ ದಿನ ಬಂದವರು ಐವರು. ಕಳೆದ ವಾರ ಹದಿಮೂರು ಮಂದಿ. ಎಡ ಅಂಚಿನ ಹುಡುಗನಿಗೆ ಗೆರೆ ಬಿಟ್ಟು ಒಳಗೆ ಬರಕೂಡದೆಂದು ಕಟ್ಟುಮಾಡಿದೆವು. ಹತ್ತು ನಿಮಿಷ ಚೆಂಡು ಅವನತ್ತ ಸುಳಿಯಲೇ ಇಲ್ಲ. ಪಾಪ, ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಹನ್ನೊಂದನೆಯ ನಿಮಿಷದಲ್ಲಿ ಬಂದಿತು. ಅವನ ಸುತ್ತ ಯಾರೂ ಇರಲಿಲ್ಲ.