ಮೊಳಕೆಯ ವಿದ್ಯೆ, ಮದ್ಯದ ಲೆಕ್ಕ

ಬಿಯರನ್ನು ತಾವೇ ತಯಾರಿಸಿ ಅಲ್ಲಿಯೇ ಬಡಿಸುವ ಸಣ್ಣ ಬ್ರೂವರಿಗಳು ಬೆಂಗಳೂರಿನಲ್ಲಿ ಹೆಚ್ಚಿವೆ. ದುಡಿಮೆಗಾಗಿ ಮಡಕಶಿರಾ, ರಾಯದುರ್ಗಗಳಿಂದ ಅಲ್ಲಿಗೆ ತೆರಳಿದ ಯುವಕರ ಮಾತಿನಲ್ಲಿಯೂ ಆ ಹೊಸ ರುಚಿಗಳು ಸುಳಿಯುವುದುಂಟು.

ಆ ರುಚಿಗಳ ಮೂಲ ಮೊಳಕೆ. ಬಾರ್ಲಿಯನ್ನು ನೆನೆಸಿ ಮೊಳೆಯಿಸಿದಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಮೊಳಕೆಕಾಳನ್ನು ಹೆಚ್ಚು ಹುರಿದರೆ ಬಿಯರು ಕಪ್ಪಾಗುತ್ತದೆ. ಹಾಪ್ಸ್ ಹೂವು ಕಹಿಯನ್ನೂ ಪರಿಮಳವನ್ನೂ ನೀಡುತ್ತದೆ.

ಈ ವಿದ್ಯೆ ಗಡಿನಾಡಿನ ಅಡುಗೆಮನೆಗೆ ಹೊಸದಲ್ಲ. ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ಮೊಳೆಯಿಸುವುದೂ ಇದೇ ಕ್ರಮದಿಂದ. ಹುಳಿ ಬರಿಸಿದ ಅಂಬಲಿಯೂ ಹುದುಗಿನ ಫಲವೇ. ಅಲ್ಲಿ ಮುಖ್ಯವಾಗಿ ದುಡಿಯುವುದು ಮೊಸರನ್ನು ಹೆಪ್ಪುಗಟ್ಟಿಸುವ ಬಗೆಯ ಬ್ಯಾಕ್ಟೀರಿಯಾ. ಸಿಕ್ಕಿಮಿನಲ್ಲಿಯಾದರೋ ಅದೇ ರಾಗಿಯನ್ನು ಹುದುಗಿಸಿ, ಬಿಸಿನೀರೆರೆದು, ಬಿದಿರಿನ ಕೊಳವೆಯಿಂದ ಹೀರುವ 'ತೊಂಗ್ಬಾ' ಮದ್ಯವೇ ಆಗಿದೆ.

ಹೆಸರು ಹೊಸದಾದರೂ ಬಿಯರಿನಲ್ಲಿ ಅಮಲು ತರುವುದು ಸಾರಾಯಿಯಲ್ಲಿದ್ದ ಮದ್ಯಸಾರವೇ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗಳಿಂದ ಎಚ್ಚೆತ್ತ ಹೆಂಗಸರು ಸಾರಾಯಿಯ ವಿರುದ್ಧ ನಿಂತರು. ಕೂಲಿಯ ಹಣ ಮನೆ ಸೇರದಿದ್ದುದೇ ಅವರ ಸಂಕಟವಾಗಿತ್ತು. ಹೋರಾಟ ಹಬ್ಬಿ 1995ರಲ್ಲಿ ಆಂಧ್ರದಲ್ಲಿ ಪಾನನಿಷೇಧ ಜಾರಿಯಾಯಿತು. 1997ರಲ್ಲಿ ಅದು ಸಡಿಲಗೊಂಡಿತು. ಕಾನೂನು ಸಡಿಲಿದರೂ ಮನೆಯ ಲೆಕ್ಕ ಬದಲಾಗಿಲ್ಲ. ಹೊಸ ರುಚಿಯನ್ನರಸುವ ಮಗನೊಡನೆ ಹಿರಿಯರು ಆಡಬೇಕಾದ ಮಾತು ಅದೇ.